ಹುಲಿಗೆ ಲೆಕ್ಕ ಇದೆ, ರಾಗಿಗೆ ಲೆಕ್ಕ ಇಲ್ಲ

(ಕಾಡಂಚಿನ ಗ್ರಾಮಗಳ ರೈತರಿಗಾಗಿ ನಡೆದ ಅಧ್ಯಯನ ಶಿಬಿರದಲ್ಲಿ ಬಂಡೀಪುರದ ಅಂಚಿನ ರೈತರೊಬ್ಬರು ಮಾಡಿದ ಭಾಷಣ. ಅವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ. – ಸಂ.)



ನಮ್ಮ ಶಿಬಿರಗಳಲ್ಲಿ ಬೆಲೆ, ಸಾಲ, ಕರೆಂಟು, ನೀರು, ಇವುಗಳ ಮಾತು ನಡೆಯುತ್ತದೆ. ಇವತ್ತು ಕಾಡುಪ್ರಾಣಿ ಬಗ್ಗೆ, ಅವನ್ನು ಕಾಯುವ ಕೆಲಸ ಮಾಡುವವರ ಬಗ್ಗೆ ಮಾತಾಡು ಅಂತ ನನಗೆ ಹೇಳಿದ್ದಾರೆ. ರೈತರ ಶಿಬಿರದಲ್ಲಿ ಹುಲಿ, ಆನೆ ಕಥೆ ಯಾಕಪ್ಪಾ ಅಂತ ಹಿಂದೆ ಕೂತವರು ಗೊಣಗುತ್ತಾ ಇರಬಹುದು. ಯಾಕೆ ಅಂದರೆ, ಆನೆ ತಿಂದ ರಾಗಿ ಕೊನೆಗೆ ಸೊಸೈಟಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಾಲವಾಗಿ ನಿಲ್ಲುತ್ತದೆ. ಆದ್ದರಿಂದ ಇದೂ ಬೆಲೆ ಮತ್ತು ಸಾಲದ ಮಾತೇ.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ನನಗೆ ನಾಲ್ಕು ಎಕರೆ ಇದೆ. ಕಾಡಿನ ಕಂದಕಕ್ಕೂ ನನ್ನ ಬದುವಿಗೂ ನಡುವೆ ಒಂದು ಬಂಡಿದಾರಿ ಅಷ್ಟೆ. 2023ರಲ್ಲಿ ಮಳೆ ಕೈಕೊಟ್ಟ ವರ್ಷ. ಅಂಥಾದ್ದರಲ್ಲೂ ಒಂದು ಎಕರೆ ರಾಗಿ ಕೈಗೆ ಹತ್ತಿತ್ತು, ಎಂಟು ಕ್ವಿಂಟಲ್‌ಗೆ ಮೋಸ ಇರಲಿಲ್ಲ. ಆ ವರ್ಷ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,846 ರೂಪಾಯಿ. ಎಂಟು ಕ್ವಿಂಟಲ್‌ಗೆ 30,768 ರೂಪಾಯಿ ಆಯಿತು. ಕೊಯ್ಲಿಗೆ ಆಳು ಹೇಳಿದ್ದೆ. ಇನ್ನು ನಾಲ್ಕು ದಿನ ಅನ್ನುವಾಗ ಒಂದು ಸಲಗ, ಎರಡು ಹೆಣ್ಣಾನೆ ಬಂದವು. ಅಟ್ಟಣೆ ಮೇಲೆ ಕೂತು ತಗಡು ಬಡಿದೆ, ಪಟಾಕಿ ಹೊಡೆದೆ, ಕೂಗಿ ಗಂಟಲು ಕಟ್ಟಿತು. ಬೆಳಗ್ಗೆ ನೋಡಿದರೆ ಹೊಲ ಕಣ ಮಾಡಿದ ಹಾಗಿತ್ತು. ತಿಂದದ್ದು ಅರ್ಧ, ತುಳಿದದ್ದು ಅರ್ಧ.

ಪರಿಹಾರಕ್ಕೆ ಅರ್ಜಿ ಹಾಕೋಣ ಅಂತ ಕಚೇರಿಗೆ ಹೋದೆ. ಪಹಣಿ ನಮ್ಮಪ್ಪನ ಹೆಸರಿನಲ್ಲಿದೆ, ಪೌತಿ ಖಾತೆ ಮಾಡಿಸಿಕೊಂಡು ಬಾ ಅಂದರು. ಅಪ್ಪ ತೀರಿಕೊಂಡು ಹನ್ನೆರಡು ವರ್ಷ ಆಗಿತ್ತು. ಅದು ಮುಗಿಸಿಕೊಂಡು ಹೋದರೆ ಫೋಟೊ ಎಲ್ಲಿ ಅಂದರು. ಫೋಟೊ ಯಾರು ತೆಗೆದಿದ್ದರು ಸ್ವಾಮಿ? ಮನೆಯಲ್ಲಿ ಒಲೆ ಹಚ್ಚಿರಲಿಲ್ಲ ಅವತ್ತು. ಕೊನೆಗೆ ಹನ್ನೊಂದು ತಿಂಗಳಿಗೆ ದುಡ್ಡು ಬಂತು, ಏಳು ಸಾವಿರದ ಚಿಲ್ಲರೆ. ನಷ್ಟದ ಕಾಲು ಭಾಗವೂ ಅಲ್ಲ.

ಅಷ್ಟರಲ್ಲಿ ಸೊಸೈಟಿ ಸಾಲದ ಗಡುವು ದಾಟಿತ್ತು. ನಿಮಗೆಲ್ಲ ಗೊತ್ತಿದೆ, ಗಡುವಿನೊಳಗೆ ಕಟ್ಟಿದರೆ ಮಾತ್ರ ಬೆಳೆಸಾಲಕ್ಕೆ ಶೂನ್ಯ ಬಡ್ಡಿ. ದಾಟಿದರೆ ರಿಯಾಯಿತಿ ಹೋಯಿತು, ಬಡ್ಡಿ ಬಂತು. ಆನೆ ರಾಗಿ ತಿಂತು, ಸೊಸೈಟಿ ಬಡ್ಡಿ ತಿಂತು, ಮನೆಯವಳ ಓಲೆ ಗಿರವಿ ಅಂಗಡಿಗೆ ಹೋಯಿತು.

ಇದರಲ್ಲಿ ಇನ್ನೊಂದು ಲೆಕ್ಕ ಬಿಟ್ಟಿದ್ದೇನೆ. ಎರಡು ತಿಂಗಳು ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾವಲು ಕೂತಿದ್ದೆನಲ್ಲ, ಅದಕ್ಕೆ ಕೂಲಿ ಎಷ್ಟು? ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತವನಿಗೆ ದಿನಕ್ಕೆ 316 ರೂಪಾಯಿ. ಅರವತ್ತು ರಾತ್ರಿಗೆ 18,960 ರೂಪಾಯಿ ಆಗುತ್ತದೆ. ಅದು ಹಗಲು ಕೂಲಿ. ಚಳಿಯಲ್ಲಿ, ಆನೆ ಎದುರು, ಜೀವ ಕೈಯಲ್ಲಿ ಹಿಡಿದು ಕೂತವನ ರಾತ್ರಿ ಕೂಲಿಯನ್ನು ಬೆಂಬಲ ಬೆಲೆ ನಿಗದಿ ಮಾಡುವವರು ಯಾವ ಕಲಮಿನಲ್ಲಿ ಬರೆಯುತ್ತಾರೆ? ನೀವೇ ಹುಡುಕಿ ಹೇಳಿ.

ಲೆಕ್ಕ ಇಡುವ ಜನ

ಈಗ ಆ ಕಡೆಯವರ ಮಾತಿಗೆ ಬರುತ್ತೇನೆ. ಕಾಡುಪ್ರಾಣಿ ಉಳಿಸುವ ಕೆಲಸ ಮಾಡುವವರು ಅಂದರೆ ಮೊದಲು ನನಗೂ ಸಿಟ್ಟೇ. ಪ್ಯಾಂಟು ಹಾಕಿಕೊಂಡು, ದುರ್ಬೀನು ನೇತುಹಾಕಿಕೊಂಡು ಬರುತ್ತಾರೆ, ಆನೆಗೆ ಎಷ್ಟು ಹಲ್ಲು ಅಂತ ಕೇಳುತ್ತಾರೆ, ನಮ್ಮ ಮಕ್ಕಳಿಗೆ ಊಟ ಆಯಿತೆ ಅಂತ ಕೇಳುವುದಿಲ್ಲ ಅಂತ ನಾನೇ ಸಭೆಗಳಲ್ಲಿ ಬೈದಿದ್ದೇನೆ. ನನ್ನ ರಾಗಿ ಹೋದ ಮೇಲೆ ಅರ್ಜಿ ಬರೆಯುವುದು ಕಲಿಯೋಣ ಅಂತ ಅವರ ಹುಡುಗರ ಜೊತೆ ಹಳ್ಳಿ ಹಳ್ಳಿ ಓಡಾಡಿದೆ. ಅವರು ಒಂದು ಶಾಲೆಯಲ್ಲಿ ಸೇರಿ ಒಬ್ಬರಿಗೊಬ್ಬರು ಅನುಭವ ಹೇಳಿಕೊಳ್ಳುವಾಗ ನಾನೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಅಲ್ಲಿ ನನಗೆ ಎರಡು ವಿಷಯ ಕಂಡವು. ಒಂದು, ಅವರು ಕಂಡದ್ದನ್ನೆಲ್ಲ ಬರೆದಿಡುತ್ತಾರೆ. ಎರಡು, ಗೆದ್ದದ್ದನ್ನು ಮಾತ್ರ ಅಲ್ಲ, ಸೋತದ್ದನ್ನೂ ಬಾಯಿಬಿಟ್ಟು ಹೇಳುತ್ತಾರೆ.

ಉಲ್ಲಾಸ ಕಾರಂತರ ಹೆಸರು ಕೇಳಿದ್ದೀರಿ. ಇಂಜಿನಿಯರಿಂಗ್ ಓದಿ ಹುಲಿ ಹಿಂದೆ ಬಿದ್ದವರು. ಮುಂಚೆ ಹುಲಿ ಲೆಕ್ಕ ಅಂದರೆ ಹೆಜ್ಜೆಗುರುತು ನೋಡಿ ಅಂದಾಜು ಹೊಡೆಯುವುದು. ಇವರು 1990ರ ದಶಕದ ಮೊದಲಲ್ಲಿ ನಾಗರಹೊಳೆಯ ಜಾಡುಗಳ ಪಕ್ಕ ಕ್ಯಾಮೆರಾ ಕಟ್ಟಿದರು. ಹುಲಿ ನಡೆದರೆ ಅದಾಗೇ ಫೋಟೊ ಬೀಳುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತು ಒಬ್ಬರದು ಒಬ್ಬರಿಗಿಲ್ಲ, ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಪಟ್ಟೆ ನೋಡಿ ಇದು ಇಂಥ ಹುಲಿ, ಇಂಥ ದಿನ ಇಲ್ಲಿತ್ತು ಅಂತ ಬರೆದಿಟ್ಟರು. ಇವತ್ತು ದೇಶದ ಹುಲಿ ಎಣಿಕೆಗೆಲ್ಲ ಕ್ಯಾಮೆರಾ ಬೇಕು. 2022ರ ಎಣಿಕೆಯಲ್ಲಿ ಕರ್ನಾಟಕಕ್ಕೆ 563 ಹುಲಿ, ಮಧ್ಯಪ್ರದೇಶದ 785 ಬಿಟ್ಟರೆ ನಾವೇ. ಆನೆಯಲ್ಲಿ ನಮ್ಮದೇ ಮೊದಲ ಸ್ಥಾನ. 2023ರಲ್ಲಿ ನಮ್ಮ ಅರಣ್ಯ ಇಲಾಖೆ ಅಂದಾಜು ಮಾಡಿದ್ದು 6,395.

ಅಂದರೆ ಹುಲಿಗೆ ಲೆಕ್ಕ ಇದೆ, ಆನೆಗೆ ಲೆಕ್ಕ ಇದೆ. ಕಾಡಂಚಿನಲ್ಲಿ ಒಂದು ವರ್ಷಕ್ಕೆ ಎಷ್ಟು ಕ್ವಿಂಟಲ್ ರಾಗಿ, ಎಷ್ಟು ಗೊನೆ ಬಾಳೆ, ಎಷ್ಟು ಟನ್ ಕಬ್ಬು ಹೋಯಿತು? ಅರ್ಜಿ ಹಾಕಿದ್ದಕ್ಕೆ ಮಾತ್ರ ಲೆಕ್ಕ. ಹಂದಿ ಉತ್ತು ಹೋದ ಕಡಲೆಕಾಯಿಗೆ, ಜಿಂಕೆ ಮೇಯ್ದ ಹುರುಳಿಗೆ, ಹೋಗಲಿ ಬಿಡು ಅಂತ ನಾವು ಸುಮ್ಮನಾದ ನಷ್ಟಕ್ಕೆ ಲೆಕ್ಕವೇ ಇಲ್ಲ. ಸರ್ಕಾರದ ಪುಸ್ತಕದಲ್ಲಿ ಆ ನಷ್ಟ ನಡೆದೇ ಇಲ್ಲ. ಹುಲಿ ಪಕ್ಷದವರು ಪಟ್ಟೆ ಎಣಿಸಿ ದಿಲ್ಲಿಗೆ ಹೋಗುತ್ತಾರೆ. ನಾವು ಕಣ್ಣೀರು ತೋರಿಸಿ ತಾಲ್ಲೂಕು ಕಚೇರಿ ದಾಟುವುದಿಲ್ಲ.

ಅವರು ಕಂಡ ಸೋಲು, ಗೆಲುವು

ಅವರು ಹೇಳಿಕೊಂಡ ಕೆಲವು ಅನುಭವ ನಿಮ್ಮ ಮುಂದೆ ಇಡುತ್ತೇನೆ. ಕೆಲವು ನಮಗೆ ಹಿಡಿಸುವುದಿಲ್ಲ. ಆದರೂ ಕೇಳಬೇಕು.

ಚಿರತೆ ಕಂಡರೆ ನಾವು ಏನು ಮಾಡುತ್ತೇವೆ? ಬೋನು ತನ್ನಿ, ಹಿಡಿದು ದೂರ ಬಿಡಿ ಅಂತ ರಸ್ತೆ ತಡೆಯುತ್ತೇವೆ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ನೀರಾವರಿ ಬಂದು ಕಬ್ಬು ಹಬ್ಬಿತು. ಕಬ್ಬಿನ ಗದ್ದೆಯಲ್ಲೇ ಚಿರತೆ ಮರಿ ಹಾಕಿ ನಿಂತಿತು. ನಮ್ಮ ಮಂಡ್ಯ, ಮೈಸೂರಿನ ಕಬ್ಬಿನಲ್ಲಿ ಆದ ಹಾಗೇ. ಅಲ್ಲಿ 2001ರಿಂದ ಎರಡು ಮೂರು ವರ್ಷ ಕಂಡಕಂಡ ಚಿರತೆ ಹಿಡಿದು ಹತ್ತಿರದ ಕಾಡುಗಳಿಗೆ ಬಿಟ್ಟರು. ಕಡಿಮೆ ಆಗಬೇಕಿತ್ತಲ್ಲ? ಮನುಷ್ಯರ ಮೇಲೆ ದಾಳಿ ಹೆಚ್ಚಿತು. ವಿದ್ಯಾ ಅತ್ರೇಯ ಅನ್ನುವ ಹೆಣ್ಣುಮಗಳು ಹಳ್ಳಿ ಸುತ್ತಿ ಇದನ್ನು ಬರೆದಿಟ್ಟರು. ಇವರೇ 2009ರಲ್ಲಿ ಬಾವಿಗೆ ಬಿದ್ದಿದ್ದ ಗಂಡು ಚಿರತೆಯೊಂದಕ್ಕೆ ಕೊರಳಪಟ್ಟಿ ಕಟ್ಟಿ ಬಿಟ್ಟು ನೋಡಿದರು. ಅದು ನೂರು ಕಿಲೋಮೀಟರಿಗೂ ಹೆಚ್ಚು ನಡೆದು ಮುಂಬಯಿ ಪಕ್ಕದ ಕಾಡು ಸೇರಿತು. ಬಿಟ್ಟ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಗೊತ್ತಿಲ್ಲದ ಸೀಮೆಯಲ್ಲಿ ಗಾಬರಿಬಿದ್ದ ಪ್ರಾಣಿ ಇನ್ನೊಬ್ಬ ರೈತನ ಮನೆಬಾಗಿಲಿಗೆ ಹೋಗುತ್ತದೆ. ನಮ್ಮೂರಿನ ಚಿರತೆಯನ್ನು ಪಕ್ಕದ ತಾಲ್ಲೂಕಿನ ರೈತನ ತಲೆಗೆ ಕಟ್ಟುವುದು ಹೋರಾಟ ಅನ್ನಿಸಿಕೊಳ್ಳುವುದಿಲ್ಲ.

ಹಾಸನದ ಕಥೆ ನೋಡಿ. ಹೈಕೋರ್ಟಿನ ಸೂಚನೆಯಂತೆ ಪ್ರೊ. ಆರ್. ಸುಕುಮಾರ್ ಅಧ್ಯಕ್ಷತೆಯಲ್ಲಿ ಆನೆ ಕಾರ್ಯಪಡೆ ಆಯಿತು. 2012ರಲ್ಲಿ ವರದಿ ಕೊಟ್ಟರು. ಎಲ್ಲಾ ಕಡೆ ಒಂದೇ ಮದ್ದು ಬೇಡ, ಆನೆಗೇ ಬಿಡಬೇಕಾದ ಕಾಡು ಒಂದು, ಆನೆ ಮನುಷ್ಯ ಹೊಂದಿಕೊಂಡು ಇರಬೇಕಾದ ಸೀಮೆ ಒಂದು, ಆನೆಯನ್ನು ತೆಗೆಯಲೇಬೇಕಾದ ಸೀಮೆ ಒಂದು ಅಂತ ವಿಂಗಡಿಸಿದರು. ಆಲೂರು, ಸಕಲೇಶಪುರದ ಕಡೆ ತೆಗೆಯಿರಿ ಅಂದರು. 2014ರಲ್ಲಿ 22 ಆನೆ ಹಿಡಿದರು. ಜನ ನಿಟ್ಟುಸಿರು ಬಿಟ್ಟರು. ಆದರೆ ಆನೆ ಕಾಟ ಅಲ್ಲಿಗೆ ಮುಗಿಯಲಿಲ್ಲ, ತೆರವಾದ ಜಾಗಕ್ಕೆ ಬೇರೆ ಆನೆ ಬಂದವು. ಕಾಫಿ ತೋಟದ ನೆರಳು, ಹೇಮಾವತಿ ಹಿನ್ನೀರು, ಗದ್ದೆ, ಬಾಳೆ, ಹಲಸು ಇರುವವರೆಗೆ ಅವು ಬರುತ್ತವೆ.

ಈ ಕೆಲಸದಲ್ಲಿ ಜೀವ ತೆತ್ತವರೂ ಇದ್ದಾರೆ. 2023ರ ಆಗಸ್ಟ್‌ನಲ್ಲಿ ಆಲೂರು ಬಳಿ, ಆನೆಗೆ ಅರಿವಳಿಕೆ ಕೊಡುವುದರಲ್ಲಿ ಪಳಗಿದ್ದ ವೆಂಕಟೇಶ್ ಅವರು ಆನೆಯ ಕಾಲಿಗೇ ಸಿಕ್ಕಿ ಸತ್ತರು. ಅದೇ ಡಿಸೆಂಬರಿನಲ್ಲಿ, ಅಂಬಾರಿ ಹೊತ್ತಿದ್ದ ಅರ್ಜುನ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಾನೆ ಜೊತೆ ಸೆಣಸಿ ಬಿತ್ತು. ಕಾಡಿನ ವಾಚರು, ಆನೆ ಓಡಿಸುವ ಪಡೆಯ ಹುಡುಗರು ಯಾರು? ಒಂದೆಕರೆ ಎರಡೆಕರೆಯ ನಮ್ಮ ಮನೆ ಮಕ್ಕಳೇ. ಆನೆ ಬಂದ ರಾತ್ರಿ ಸಿಟ್ಟಿನಲ್ಲಿ ಅವರನ್ನು ಕಟ್ಟಿಹಾಕುತ್ತೇವೆ, ಜೀಪಿನ ಗಾಜು ಒಡೆಯುತ್ತೇವೆ. ಬೆಂಗಳೂರಿನಲ್ಲಿ ದರ ನಿಗದಿ ಮಾಡುವವರಿಗೆ ಆ ಗಾಜಿನ ಸದ್ದು ಕೇಳುವುದಿಲ್ಲ ಸ್ವಾಮಿ.

ಇನ್ನು ಗೆದ್ದದ್ದು. ತಮಿಳುನಾಡಿನ ವಾಲ್ಪಾರೈ ಚಹಾ ತೋಟದ ಸೀಮೆ. ಸುತ್ತ ಆನೆಮಲೆ ಕಾಡು. ಅಲ್ಲಿ ಆನಂದಕುಮಾರ್ ಮತ್ತು ಅವರ ಜೊತೆಗಾರರು, ಆನೆ ತುಳಿತಕ್ಕೆ ಸತ್ತವರು ಹೇಗೆ ಸತ್ತರು ಅಂತ ಒಂದೊಂದಾಗಿ ವಿಚಾರಿಸಿ ಬರೆದರು. ಹೆಚ್ಚಿನವರು ಆನೆ ಅಲ್ಲಿದೆ ಅಂತ ಗೊತ್ತಿಲ್ಲದೆ ಎದುರು ಹೋಗಿ ಸತ್ತವರು. ಸಂಜೆ ಬಸ್ಸಿಳಿದು ಮನೆಗೆ ನಡೆದವರು. ಹಾಗಾದರೆ ಬೇಕಾದದ್ದು ಸುದ್ದಿ. ಆನೆ ಎಲ್ಲಿದೆ ಅಂತ ಸಂಜೆ ಫೋನಿಗೆ ಸಂದೇಶ ಕಳಿಸಿದರು, ಊರಿನ ಟಿವಿಯಲ್ಲಿ ಹಾಕಿಸಿದರು, ಕಂಬಗಳಿಗೆ ಕೆಂಪು ದೀಪ ಕಟ್ಟಿ ಫೋನಿನಿಂದಲೇ ಹೊತ್ತಿಸುವ ಹಾಗೆ ಮಾಡಿದರು. ದೀಪ ಹತ್ತಿದರೆ ಆನೆ ಹತ್ತಿರದಲ್ಲಿದೆ, ಆ ದಾರಿ ಬೇಡ ಅಂತ ಅರ್ಥ. ಸಾವು ಕಡಿಮೆ ಆಯಿತು. ಆ ಕೆಲಸಕ್ಕೆ 2015ರಲ್ಲಿ ಆನಂದಕುಮಾರ್ ಅವರಿಗೆ ಹೊರದೇಶದ ಪ್ರಶಸ್ತಿ ಬಂತು. ಅದೇ ಬಗೆಯ ಮುನ್ಸೂಚನೆ ಆಮೇಲೆ ನಮ್ಮ ಹಾಸನದ ಕಡೆಗೂ ಬಂತು.

ನಮ್ಮ ಬಂಡೀಪುರ, ನಾಗರಹೊಳೆ ಸುತ್ತ 2015ರಲ್ಲಿ ಕೃತಿ ಕಾರಂತರ ತಂಡ ‘ವೈಲ್ಡ್ ಸೇವೆ’ ಅಂತ ಶುರುಮಾಡಿತು. ಪುಕ್ಕಟೆ ಫೋನ್ ನಂಬರು. ಬೆಳೆ ಹೋಯಿತು, ದನ ಹೋಯಿತು ಅಂತ ಫೋನ್ ಮಾಡಿದರೆ ಹುಡುಗ ಹೊಲಕ್ಕೇ ಬರುತ್ತಾನೆ. ಫೋಟೊ ತೆಗೆಯುತ್ತಾನೆ, ಅಳತೆ ಹಾಕುತ್ತಾನೆ, ಕಾಗದಪತ್ರ ಜೋಡಿಸಿ ಅರ್ಜಿ ಸಲ್ಲಿಸುತ್ತಾನೆ. ಇದರಲ್ಲಿ ಮಂತ್ರ ಏನೂ ಇಲ್ಲ. ರೈತನ ಪರವಾಗಿ ಒಬ್ಬ ಸರಿಯಾಗಿ ಬರೆಯುವವನು ಬಂದ, ಅಷ್ಟೆ. ಹೀಗೆ ಸಾವಿರಾರು ಅರ್ಜಿ ಹೋದವು. ನಾನು ನಾಚಿಕೆಯಿಂದ ಒಂದು ಮಾತು ಹೇಳುತ್ತೇನೆ. ಈ ಕೆಲಸ ಹುಲಿ ಉಳಿಸಲು ಬಂದವರು ಮಾಡಿದರು. ಹಸಿರು ಟವೆಲ್ ಹೊದ್ದ ನಾವು ಮಾಡಬೇಕಾಗಿತ್ತು.

ಅವರಿಗೂ ಒಂದು ಮಾತು

ಹಾಗಂತ ಅವರು ಹೇಳಿದ್ದೆಲ್ಲ ಸರಿ ಅಂತ ಅಲ್ಲ. ಅವರ ಸಭೆಯಲ್ಲೇ ಎದ್ದು ನಿಂತು ಕೇಳಿದೆ. ವನ್ಯಜೀವಿ ಕಾಯಿದೆ ಬಂದದ್ದು 1972ರಲ್ಲಿ. ಹುಲಿ ಯೋಜನೆ 1973ರಲ್ಲಿ, ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅರ್ಧ ಶತಮಾನ ಆಯಿತು. ಹುಲಿ ದೇಶದ ಸೊತ್ತು ಅನ್ನುತ್ತೀರಿ, ಒಪ್ಪಿದೆ. ದೇಶದ ಸೊತ್ತನ್ನು ಸಾಕುವ ಖರ್ಚು ಮಾತ್ರ ಕಂದಕದ ಪಕ್ಕದ ನಾಲ್ಕೆಕರೆಯವನದು ಏಕೆ? ಸಫಾರಿ ಜೀಪಿನಲ್ಲಿ ಕೂತವನು ಟಿಕೆಟ್ ಕೊಡುತ್ತಾನೆ, ರೆಸಾರ್ಟಿನವನು ಬಾಡಿಗೆ ಎಣಿಸುತ್ತಾನೆ. ಆನೆಗೆ ರಾಗಿ ಇಕ್ಕಿದವನು ಸಾಲಗಾರ. ಇದು ಯಾವ ನ್ಯಾಯ?

ಕಾಡಿನೊಳಗೆ ಲಂಟಾನ ಹಬ್ಬಿ ಹುಲ್ಲು ಸತ್ತಿದೆ ಅಂತ ಅವರೇ ಹೇಳುತ್ತಾರೆ. ಮೇವು ಹೊರಗೆ ರುಚಿಯಾಗಿದ್ದರೆ ಪ್ರಾಣಿ ಹೊರಗೆ ಬರುತ್ತದೆ. ಕಂದಕ ತೋಡಿದ ಮರುವರ್ಷ ಮಳೆಗೆ ಕುಸಿಯುತ್ತದೆ, ಸೋಲಾರ್ ಬೇಲಿಯ ಬ್ಯಾಟರಿ ಕೆಟ್ಟರೆ ಕೇಳುವವರಿಲ್ಲ. ರೈಲುಕಂಬಿ ಬೇಲಿ ಗಟ್ಟಿ, ನಿಜ. ಆದರೆ ಎಲ್ಲಿ ನಿಂತಿತೋ ಅಲ್ಲಿ ಆನೆ ಪಕ್ಕದ ಊರಿಗೆ ದಾರಿ ಹುಡುಕುತ್ತದೆ. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿ ಬಳಿ ಅದೇ ಕಂಬಿ ದಾಟಲು ಹೋಗಿ ಸಿಕ್ಕಿಕೊಂಡು ಒಂದು ಆನೆ ಸತ್ತಿತು. ಅರ್ಧ ಬೇಲಿ ಯಾರನ್ನೂ ಕಾಯುವುದಿಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡಬೇಕು. ಬೇಲಿಗೆ ನೇರ ಕರೆಂಟು ಬಿಡುವವರು ಇದ್ದಾರೆ. ಆ ತಂತಿಗೆ ಆನೆ ಒಂದೇ ಬೀಳುವುದಿಲ್ಲ, ನೀರು ಕಟ್ಟಲು ಹೋದ ಪಕ್ಕದ ಹೊಲದ ಹುಡುಗನೂ ಬೀಳುತ್ತಾನೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ ಸತ್ತು ಬಿದ್ದವು. ಹುಲಿ ಹಿಡಿದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಹುಲಿ ಮೇಲೆ ಕೂತ ಮಾದಪ್ಪನ ಬೆಟ್ಟ ಅದು! ಹಸು ಕಳೆದುಕೊಂಡವನ ಸಂಕಟ ನನಗೆ ಗೊತ್ತು. ಆದರೆ ವಿಷದಿಂದ ಅವನಿಗೆ ಏನು ಬಂತು? ಹಸುವೂ ಹೋಯಿತು, ಮೇಲೆ ಜೈಲು. ಮಾರನೆಯ ದಿನದಿಂದ ಊರೂರಿನ ರೈತನೂ ಕಳ್ಳನ ಹಾಗೆ ಕಂಡ. ನಮ್ಮ ಹಕ್ಕಿನ ಮಾತು ಐವತ್ತು ಮೈಲಿ ಹಿಂದೆ ಹೋಯಿತು.

ನಾವು ಮಾಡಬೇಕಾದ್ದು

ಬಂಧುಗಳೆ, ಸಾಲ ವಸೂಲಿಗೆ ಬಂದವರನ್ನು ಊರಬಾಗಿಲಲ್ಲೇ ನಿಲ್ಲಿಸಿದ ಚಳವಳಿ ನಮ್ಮದು. ನಾವು ಸಾಲಗಾರರಲ್ಲ, ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ನಮಗೆ ಬಾಕಿದಾರ ಅಂತ 1980ರ ದಶಕದಲ್ಲಿ ನಮ್ಮ ಹಿರಿಯರು ಲೆಕ್ಕ ಹಾಕಿ ತೋರಿಸಿದರು. ಅವರ ಹತ್ತಿರ ಅಂಕಿ ಇತ್ತು, ಅದಕ್ಕೇ ಆ ಮಾತಿಗೆ ತೂಕ ಬಂತು. ಕಾಡಂಚಿನ ರೈತನ ಬಾಕಿಗೂ ಅಂಥ ಲೆಕ್ಕ ಬೇಕು.

ಆದ್ದರಿಂದ ಮೊದಲ ಕೆಲಸ ನಮ್ಮದೇ. ಪ್ರತಿ ಊರಿನ ಸಂಘದಲ್ಲಿ ಒಂದು ಹಾನಿ ಪುಸ್ತಕ ಇಡಬೇಕು. ಯಾರ ಹೊಲ, ಸರ್ವೆ ನಂಬರು, ಯಾವ ಬೆಳೆ, ಎಷ್ಟು ಗುಂಟೆ, ಯಾವ ಪ್ರಾಣಿ, ಯಾವ ರಾತ್ರಿ, ಖರ್ಚು ಎಷ್ಟು ಬಿದ್ದಿತ್ತು, ಕಾವಲು ಎಷ್ಟು ರಾತ್ರಿ, ಅರ್ಜಿ ಹಾಕಿದ ದಿನ, ದುಡ್ಡು ಬಂದ ದಿನ. ಅರ್ಜಿ ಹಾಕದ ನಷ್ಟವನ್ನೂ ಬರೆಯಬೇಕು. ಬೆಳಗ್ಗೆ ಹೊಲಕ್ಕೆ ಹೋದ ತಕ್ಷಣ, ಏನೂ ಮುಟ್ಟುವ ಮೊದಲು, ಮನೆ ಮಕ್ಕಳ ಫೋನಿನಲ್ಲಿ ಫೋಟೊ ತೆಗೆಸಬೇಕು. ಪೌತಿ ಖಾತೆ ಆಗದವರು ಈ ಬೇಸಗೆಯಲ್ಲೇ ಮಾಡಿಸಿಕೊಳ್ಳಿ. ಸತ್ತ ಅಪ್ಪನ ಹೆಸರಿಗೆ ಪರಿಹಾರ ಬರುವುದಿಲ್ಲ, ನಾನು ಅನುಭವಿಸಿ ಹೇಳುತ್ತಿದ್ದೇನೆ.

ಎರಡನೆಯದು ವಿಮೆ. ಫಸಲ್ ಬಿಮಾದಲ್ಲಿ ಕಾಡುಪ್ರಾಣಿಯಿಂದ ಆದ ಬೆಳೆನಷ್ಟವನ್ನು 2026ರ ಮುಂಗಾರಿನಿಂದ ಸೇರಿಸುವುದಾಗಿ 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಇಲಾಖೆ ಪ್ರಕಟಿಸಿತು. ಆದರೆ ಯಾವ ಪ್ರಾಣಿ, ಯಾವ ಜಿಲ್ಲೆ ಅನ್ನುವ ಪಟ್ಟಿ ಮಾಡಬೇಕಾದ್ದು ರಾಜ್ಯ ಸರ್ಕಾರ. ನಷ್ಟವಾದ 72 ಗಂಟೆಯೊಳಗೆ ಜಾಗದ ಗುರುತು ಬೀಳುವ ಫೋಟೊ ಸಮೇತ ತಿಳಿಸಬೇಕು ಅನ್ನುವ ನಿಯಮ ಇದೆ. ನಿಮ್ಮ ಜಿಲ್ಲೆ, ನಿಮ್ಮ ಬೆಳೆ ಪಟ್ಟಿಯಲ್ಲಿ ಇದೆಯೆ ಅಂತ ವಿಮೆ ಕಟ್ಟುವ ಮೊದಲೇ ಕೃಷಿ ಕಚೇರಿಯಲ್ಲಿ ಕೇಳಿ. ಕಂತು ಕಟ್ಟಿಸಿಕೊಂಡು ಆಮೇಲೆ ಇಲ್ಲ ಅನ್ನುವ ಆಟ ನಾವು ಹಿಂದೆ ನೋಡಿದ್ದೇವೆ.

ಮೂರನೆಯದು ಸಾಲ. ಬರ ಬಂದರೆ ಸಾಲದ ಗಡುವು ಮುಂದೆ ಹಾಕಲು ಬ್ಯಾಂಕಿಗೆ ದಾರಿ ಇದೆ. 2018ರ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ವಿಕೋಪಗಳ ಪಟ್ಟಿ ಇತ್ತು. ಬರ, ನೆರೆ, ಆಲಿಕಲ್ಲು, ಕೀಟಬಾಧೆ ಎಲ್ಲ ಇತ್ತು, ಆನೆ ಇರಲಿಲ್ಲ. ಹುಳ ತಿಂದರೆ ವಿಕೋಪ, ಆನೆ ತಿಂದರೆ ಹಣೆಬರಹ! ಪಕ್ಕದ ಕೇರಳ 2024ರ ಮಾರ್ಚ್‌ನಲ್ಲಿ ಕಾಡುಪ್ರಾಣಿ ಸಂಘರ್ಷವನ್ನು ರಾಜ್ಯದ ವಿಕೋಪ ಅಂತ ಘೋಷಿಸಿತು. ನಮ್ಮಲ್ಲೂ ಹಾಗೆ ಆಗಬೇಕು. ಅರಣ್ಯ ಇಲಾಖೆ ನಷ್ಟ ದೃಢಪಡಿಸಿದ ಕಾಗದ ಕೊಟ್ಟರೆ ಸೊಸೈಟಿಯಲ್ಲಿ ಆ ಬೆಳೆಸಾಲದ ಗಡುವು ತಾನಾಗಿ ಮುಂದಕ್ಕೆ ಹೋಗಬೇಕು, ಶೂನ್ಯ ಬಡ್ಡಿ ಉಳಿಯಬೇಕು.

ನಾಲ್ಕನೆಯದು ದರ. ಮನುಷ್ಯ ಸತ್ತರೆ ಕೊಡುವ ಪರಿಹಾರವನ್ನು 2022ರ ಕೊನೆಗೆ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಕೂಗಿದ್ದಕ್ಕೆ ಏರಿತು. ಬೆಳೆ ಪರಿಹಾರ ಮಾತ್ರ ಮಂತ್ರಿಯ ಮನಸ್ಸು ಕರಗಿದಾಗ ಏರುವುದು ಬೇಡ. ಆ ವರ್ಷದ ಬೆಂಬಲ ಬೆಲೆಗೆ ಕಟ್ಟಿರಲಿ, ಬೆಲೆ ಏರಿದರೆ ತಾನೂ ಏರಲಿ. ಗೊತ್ತಾದ ದಿನದೊಳಗೆ ಕೊಡದಿದ್ದರೆ ಬಡ್ಡಿ ಸೇರಿಸಿ ಕೊಡಲಿ. ನಾವು ತಡಮಾಡಿದರೆ ಬಡ್ಡಿ ಹಾಕುವವರು, ತಾವು ತಡಮಾಡಿದಾಗಲೂ ಬಡ್ಡಿ ಕಲಿಯಲಿ.

ಕಾಡು ಬೇಡ ಅಂತ ನಾನು ಹೇಳುತ್ತಿಲ್ಲ. ಕಬಿನಿಯ ನೀರು ಆ ಕಾಡುಗಳದೇ. ಕಾಡು ಹೋದರೆ ನನ್ನ ಬೋರ್‌ವೆಲ್ಲೂ ಹೋಗುತ್ತದೆ. ಆನೆಗೂ ಒಂದು ಪಾಲು ಇದೆ ಅಂತ ನಮ್ಮ ಅಜ್ಜ ಕಣದಲ್ಲಿ ಹೇಳುತ್ತಿದ್ದ. ಆ ಪಾಲು ಕೊಡಲು ನನ್ನ ತಕರಾರಿಲ್ಲ. ಆದರೆ ನಾನು ಕೊಟ್ಟೆ ಅಂತ ಪುಸ್ತಕದಲ್ಲಿ ಬರೆಯಿರಿ, ದೇಶದ ಪರವಾಗಿ ಕೊಟ್ಟದ್ದಕ್ಕೆ ದೇಶ ದುಡ್ಡು ಕೊಡಲಿ.

ಈ ರಾತ್ರಿಯೂ ನಮ್ಮಲ್ಲಿ ಬಹಳ ಮಂದಿ ಇಲ್ಲಿಂದ ಎದ್ದು ನೇರ ಅಟ್ಟಣೆಗೆ ಹೋಗುವವರು. ಬ್ಯಾಟರಿ, ತಗಡು ತೆಗೆದುಕೊಂಡು ಹೋಗುವಾಗ ಜೇಬಿನಲ್ಲಿ ಒಂದು ನೋಟುಪುಸ್ತಕ, ಒಂದು ಪೆನ್ನು ಇಟ್ಟುಕೊಳ್ಳಿ.